ಪಿಸ್ತೂಲಿನಲ್ಲಿ ತೋಟಾ ಸಿಕ್ಕಿಕೊಂಡಾಗ: ತಡೆಯನ್ನು ಗುರುತಿಸುವ ಮತ್ತು ನಿವಾರಿಸುವ ಕ್ರಮ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಲೈಸನ್ಸ್ ಪಡೆದು ಪಿಸ್ತೂಲು ಇಟ್ಟುಕೊಂಡ ರೈತರು, ವ್ಯಾಪಾರಸ್ಥರು, ನಿವೃತ್ತ ಸೈನಿಕರು ಆಯುಧದ ಬಗ್ಗೆ ಮಾತು ತೆಗೆದರೆ ಕೊನೆಗೆ ಬಂದು ನಿಲ್ಲುವುದು ಒಂದೇ ದೂರಿನಲ್ಲಿ: “ಗುಂಡು ಸಿಕ್ಕೊಳ್ತದ್ರೀ ಸರ.” ಎಲ್ಲಿ ಸಿಕ್ಕಿಕೊಂಡಿತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಸಿಕ್ಕಿಕೊಂಡ ಮರುಕ್ಷಣವೇ ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಜಗ್ಗಿ, ತೋಟಾ ತುಂಬುವ ಮ್ಯಾಗಝಿನ್ ಕಿತ್ತು, ಪಿಸ್ತೂಲನ್ನು ಅಲುಗಾಡಿಸಿ, ಇದ್ದ ಗುರುತನ್ನೆಲ್ಲ ಅವರೇ ಅಳಿಸಿಹಾಕಿರುತ್ತಾರೆ. ಸೇನೆಯಲ್ಲಿ ಆಯುಧಗಳ ದುರಸ್ತಿಯ ಕೆಲಸ ಮಾಡಿದ ನನಗೆ ಮೊದಲ ವಾರದಲ್ಲೇ ಕಲಿಸಿದ ಪಾಠವೆಂದರೆ, ಕೈ ಹಾಕುವ ಮೊದಲು ತೋಟಾ (ಗುಂಡು, ಮದ್ದು, ಕೋಶ ಸೇರಿದ ಇಡೀ ಕಾರ್ಟ್ರಿಡ್ಜ್) ಯಾವ ಜಾಗದಲ್ಲಿ ಯಾವ ಓರೆಯಲ್ಲಿ ನಿಂತಿದೆ ಎಂಬುದನ್ನು ನೋಡಬೇಕು ಎಂಬುದು. ಆ ಒಂದು ನೋಟ ಸಿಕ್ಕರೆ ದೋಷ ಮ್ಯಾಗಝಿನ್ನಿನದೋ, ತೋಟಾದ್ದೋ, ಕೊಳೆಯದೋ, ಸ್ಪ್ರಿಂಗಿನದೋ ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ.

ಇಲ್ಲಿ ಹೇಳುವುದೆಲ್ಲ .32 ಬೋರಿನ, ಅಂದರೆ 7.65 ಮಿ.ಮೀ. ಪಿಸ್ತೂಲನ್ನು ಮುಂದಿಟ್ಟುಕೊಂಡು. 9 ಮಿ.ಮೀ. ನಿಷೇಧಿತ ಬೋರ್ ಆಗಿರುವುದರಿಂದ ನಮ್ಮಲ್ಲಿ ಸಾಮಾನ್ಯ ನಾಗರಿಕರ ಕೈಗೆ ಹೆಚ್ಚಾಗಿ ಬರುವುದು ಇದೇ; ಕೆಲವರಲ್ಲಿ ನಮ್ಮ ಆರ್ಡನನ್ಸ್ ಕಾರ್ಖಾನೆಯ ಪಿಸ್ತೂಲು, ಹಳೆಯ ಮನೆತನಗಳಲ್ಲಿ ಅಜ್ಜನ ಕಾಲದ ವೆಬ್ಲಿ ಆ್ಯಂಡ್ ಸ್ಕಾಟ್, ಕೋಲ್ಟ್ ಅಥವಾ ವಾಲ್ಥರ್. ಭೀಮಾ ತೀರದ ಸುದ್ದಿಗಳಲ್ಲಿ ಕೇಳಿಬರುವ ಕಂಟ್ರಿ ಪಿಸ್ತೂಲುಗಳಿಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ. ಅವುಗಳನ್ನು ಇಟ್ಟುಕೊಳ್ಳುವುದೇ ಅಪರಾಧ, ಹಿಡಿದವನ ಕೈಯಲ್ಲೇ ಸಿಡಿಯುವ ಅಪಾಯ ಬೇರೆ.

ಮನೆಯಲ್ಲಿ ಪರೀಕ್ಷೆಗೆ ಕೂರುವ ಮೊದಲು ಪಿಸ್ತೂಲನ್ನು ಖಾಲಿ ಮಾಡುವ ಕ್ರಮವನ್ನು ಒಂದು ಸಲವೂ ತಪ್ಪಿಸಬಾರದು. ಬೆರಳು ಟ್ರಿಗರಿನ ಹೊರಗಿರಲಿ, ನಳಿಕೆಯ ಬಾಯಿ ಮನುಷ್ಯರಿಲ್ಲದ ದಿಕ್ಕಿಗಿರಲಿ. ಮೊದಲು ಮ್ಯಾಗಝಿನ್ ಹೊರಗೆ ತೆಗೆಯಬೇಕು, ಆಮೇಲೆ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗದಲ್ಲಿ, ಇರುವ ತೋಟಾವನ್ನು ಹೊರಹಾಕಬೇಕು. ಈ ಕ್ರಮ ತಿರುವುಮುರುವಾದರೆ, ಸ್ಲೈಡ್ ಜಗ್ಗಿದಾಗ ಒಂದು ತೋಟಾ ಹೊರಗೆ ಬಿದ್ದರೂ ಮ್ಯಾಗಝಿನ್ನಿನಿಂದ ಇನ್ನೊಂದು ಒಳಗೆ ಹೋಗಿ ಕುಳಿತಿರುತ್ತದೆ, ಮತ್ತು ಖಾಲಿಯೆಂದು ನಂಬಿದ ಪಿಸ್ತೂಲಿನಿಂದ ಆಗುವ ಅನಾಹುತಗಳ ಮೂಲ ಹೆಚ್ಚಾಗಿ ಇದೇ. ಸ್ಲೈಡನ್ನು ಹಿಂದೆ ಹಿಡಿದು ಬೆಳಕಿನಲ್ಲಿ ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನ ತುದಿಯಿಂದ ಮುಟ್ಟಿಯೂ ನೋಡಬೇಕು. ತೋಟಾಗಳೆಲ್ಲ ಬೇರೆ ಕೋಣೆಗೆ ಹೋದ ಮೇಲೆಯೇ ಉಳಿದ ಕೆಲಸ.

ತೋಟಾ ಒಳಗೆ ಹೋಗುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಗುಂಡು ಹಾರಿದಾಗ ಅದರ ಹಿಮ್ಮುಖ ಒತ್ತಡದಿಂದ ಸ್ಲೈಡ್ ಹಿಂದಕ್ಕೆ ಸರಿಯುತ್ತದೆ. ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಖಾಲಿ ಕೋಶವನ್ನು ಎಳೆದು ತರುತ್ತದೆ, ಎಜೆಕ್ಟರ್ ಅದನ್ನು ಹೊರಗೆ ಚಿಮ್ಮಿಸುತ್ತದೆ. ನಳಿಕೆಯನ್ನು ಬಳಸಿಕೊಂಡೋ ಅದರ ಕೆಳಗೋ ಇರುವ ರಿಕಾಯಿಲ್ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಳ್ಳುವಾಗ, ಸ್ಲೈಡಿನ ಕೆಳ ಅಂಚು ಮ್ಯಾಗಝಿನ್ನಿನ ಮೇಲಿನ ತೋಟಾದ ಹಿಂಭಾಗಕ್ಕೆ ತಾಗಿ ಅದನ್ನು ಮ್ಯಾಗಝಿನ್ನಿನ ಬಾಯಿಯ ಬಾಗಿದ ಅಂಚುಗಳಾದ ತುಟಿಗಳ ನಡುವಿನಿಂದ ಕಿತ್ತುಕೊಂಡು ಹೊರಡುತ್ತದೆ. ತೋಟಾದ ಮೂತಿ ಫೀಡ್ ರ‍್ಯಾಂಪ್ ಎಂಬ ಇಳಿಜಾರನ್ನೇರಿ ಚೇಂಬರಿಗೆ ನುಗ್ಗುತ್ತಿದ್ದಂತೆ, ಅದರ ಹಿಂದಿನ ಅಂಚು ಸ್ಲೈಡಿನ ಮುಖದ ಮೇಲೆ ಕೆಳಗಿನಿಂದ ಮೇಲಕ್ಕೆ ಜಾರಿ ಕೊಕ್ಕೆಯ ಅಡಿಗೆ ಸೇರಿಕೊಳ್ಳುತ್ತದೆ. ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುವ ಈ ಪಯಣದಲ್ಲಿ ಮ್ಯಾಗಝಿನ್ ತೋಟಾವನ್ನು ಸರಿಯಾದ ಎತ್ತರಕ್ಕೆ ಸರಿಯಾದ ಹೊತ್ತಿಗೆ ತಂದು ನಿಲ್ಲಿಸಬೇಕು, ಸ್ಲೈಡ್ ಪೂರ್ತಿ ದೂರ ಓಡಿ ಪೂರ್ತಿ ಬಲದಿಂದ ಮರಳಬೇಕು, ದಾರಿಯಲ್ಲಿ ಅಂಟು, ಗೀರು, ಉಬ್ಬು ಇರಬಾರದು.

ನಿಂತ ಜಾಗವನ್ನು ಓದುವುದು

ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ನಿಂತಾಗ ಬೆರಳನ್ನು ಟ್ರಿಗರಿನಿಂದ ತೆಗೆದು, ನಳಿಕೆಯನ್ನು ಗುರಿಯ ದಿಕ್ಕಿನಲ್ಲೇ ಇಟ್ಟುಕೊಂಡು, ಸ್ವಲ್ಪ ಓರೆ ಮಾಡಿ ಖಾಲಿ ಕೋಶ ಹೊರಬರುವ ಕಿಂಡಿಯೊಳಗೆ ನೋಡಬೇಕು. ಟ್ರಿಗರ್ ಎಳೆದರೂ ಸ್ಫೋಟವಾಗದೆ ಸ್ಲೈಡ್ ಮುಚ್ಚಿಯೇ ಇದ್ದರೆ, ತಡವಾಗಿ ಸಿಡಿಯುವ ಸಾಧ್ಯತೆಯುಂಟಾದ್ದರಿಂದ ಅರ್ಧ ನಿಮಿಷವಾದರೂ ಹಾಗೆಯೇ ಹಿಡಿದು ಕಾಯಬೇಕು. ಶಬ್ದ ಎಂದಿಗಿಂತ ಬಹಳ ಸಣ್ಣದಾಗಿ ಬಂದು ಕೈಗೆ ಹೊಡೆತ ತಾಗದಿದ್ದರೆ ಗುಂಡು ನಳಿಕೆಯಲ್ಲೇ ಉಳಿದಿರಬಹುದು. ಅಂಥ ಹೊತ್ತಿನಲ್ಲಿ ಸ್ಲೈಡ್ ಜಗ್ಗಿ ಮುಂದಿನದನ್ನು ಹಾರಿಸಿದರೆ ನಳಿಕೆ ಒಡೆಯುತ್ತದೆ. ಪಿಸ್ತೂಲನ್ನು ಖಾಲಿ ಮಾಡಿ, ನಳಿಕೆಯ ಆರಪಾರ ಬೆಳಕು ಕಾಣುವವರೆಗೆ ಮುಂದಿನ ತೋಟಾದ ಮಾತೇ ಬೇಡ.

ತೋಟಾದ ಮೂತಿ ಕೆಳಕ್ಕೆ ಬಾಗಿ ರ‍್ಯಾಂಪಿಗೆ ಕುಟ್ಟಿ ನಿಂತಿದ್ದರೆ ಅದು ಸಾಕಷ್ಟು ಮೇಲೇರಿಲ್ಲವೆಂದು ಅರ್ಥ: ಮ್ಯಾಗಝಿನ್ ಪೂರ್ತಿ ಕೂತಿಲ್ಲ, ಅದರ ಸ್ಪ್ರಿಂಗ್ ಸೋತಿದೆ, ಅಥವಾ ಒಳಗೆ ಮಣ್ಣು ಸೇರಿದೆ. ಮೂತಿ ಮೇಲಕ್ಕೆದ್ದು ಚೇಂಬರಿನ ಮೇಲಂಚಿಗೆ ತಾಗಿದ್ದರೆ ತುಟಿಗಳು ಅಗಲಿಸಿಕೊಂಡು ತೋಟಾವನ್ನು ಹೊತ್ತಿಗೆ ಮುಂಚೆ ಬಿಟ್ಟಿವೆ. ಸ್ಲೈಡ್ ಮುಚ್ಚಿಕೊಂಡಿದ್ದು ಚೇಂಬರ್ ಖಾಲಿಯಿದ್ದರೆ ಸ್ಲೈಡ್ ತೋಟಾವನ್ನು ಮುಟ್ಟದೆಯೇ ಅದರ ಮೇಲಿಂದ ಹಾದುಹೋಗಿದೆ. ಮ್ಯಾಗಝಿನ್ ಕೆಳಗೆ ಜಾರಿತ್ತೇ, ಸ್ಪ್ರಿಂಗ್ ತೋಟಾವನ್ನು ಎತ್ತುವಲ್ಲಿ ತಡಮಾಡಿತೇ, ಸ್ಲೈಡ್ ಪೂರ್ತಿ ಹಿಂದೆ ಬಂದಿರಲಿಲ್ಲವೇ ಎಂದು ಹುಡುಕಬೇಕು. ತೋಟಾ ಒಳಗೆ ಹೋಗಿಯೂ ಸ್ಲೈಡ್ ಎರಡು ಮೂರು ಮಿಲಿಮೀಟರ್ ಬಾಕಿಯಿರುವಂತೆ ನಿಂತಿದ್ದರೆ ಮ್ಯಾಗಝಿನ್ ತನ್ನ ಕೆಲಸ ಮುಗಿಸಿಯಾಗಿದೆ. ದೋಷ ಚೇಂಬರಿನ ಕೊಳೆ, ಉಬ್ಬಿದ ತೋಟಾ, ಕೊಕ್ಕೆಯ ಅಡಿಯ ಮಸಿ ಅಥವಾ ರಿಕಾಯಿಲ್ ಸ್ಪ್ರಿಂಗಿನದು. ಹಾಗೆ ನಿಂತ ಸ್ಲೈಡನ್ನು ಹೆಬ್ಬೆರಳಿನಿಂದ ಗುದ್ದಿ ಮುಚ್ಚುವ ಚಾಳಿ ನಮ್ಮಲ್ಲಿದೆ. ತೋಟಾ ಉಬ್ಬಿದ್ದಾಗಿದ್ದರೆ ಆಮೇಲೆ ಅದನ್ನು ಹೊರತೆಗೆಯುವುದೇ ಕಷ್ಟವಾಗುತ್ತದೆ.

ಖಾಲಿ ಕೋಶ ಕಿಂಡಿಯಲ್ಲಿ ನೆಟ್ಟಗೆ ನಿಂತಿದ್ದರೆ, ಅಥವಾ ಖಾಲಿ ಕೋಶ ಚೇಂಬರಿನಲ್ಲೇ ಉಳಿದು ಹೊಸ ತೋಟಾ ಅದರ ಬೆನ್ನಿಗೆ ಒತ್ತಿದ್ದರೆ, ಅದನ್ನು ತೋಟಾ ಪೂರೈಕೆಯ ದೋಷವೆಂದು ಕರೆಯಬಾರದು. ಅದು ಹೊರಹಾಕುವ ಕೆಲಸದ ದೋಷ. ಎಕ್ಸ್‌ಟ್ರಾಕ್ಟರ್, ಎಜೆಕ್ಟರ್, ಸಡಿಲ ಹಿಡಿತ ಮತ್ತು ದುರ್ಬಲ ಮದ್ದಿನ ಕಡೆಗೆ ನೋಡಬೇಕು. ಇವೆರಡನ್ನು ಬೆರೆಸಿಕೊಂಡವರು ಸರಿಯಿದ್ದ ಮ್ಯಾಗಝಿನ್ನಿನ ತುಟಿಯನ್ನು ಇಕ್ಕಳದಿಂದ ಬಾಗಿಸಿ ಹಾಳು ಮಾಡಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಮೊದಲ ಅನುಮಾನ ಮ್ಯಾಗಝಿನ್ನಿನ ಮೇಲೆ

ಪಿಸ್ತೂಲಿನ ಉಳಿದ ಭಾಗಗಳೆಲ್ಲ ದಪ್ಪ ಉಕ್ಕಿನವು. ಮ್ಯಾಗಝಿನ್ ಮಾತ್ರ ತೆಳು ತಗಡಿನದು. ಜೇಬಿನಲ್ಲಿ ಕೀಲಿಕೈಗಳ ಜೊತೆ ತಿಕ್ಕಾಡುವುದೂ, ಅಂಗಳದ ಕಲ್ಲುಹಾಸಿನ ಮೇಲೆ ಬೀಳುವುದೂ ಅದೇ. ಆದ್ದರಿಂದ ಎರಡು ಮ್ಯಾಗಝಿನ್ ಇದ್ದವರು ಮೊಟ್ಟಮೊದಲು ಅವುಗಳ ತಳದಲ್ಲಿ ಬಣ್ಣದಿಂದ 1, 2 ಎಂದು ಬರೆದು, ತಡೆಯಾದಾಗಲೆಲ್ಲ ಯಾವುದು ಒಳಗಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ತಡೆ ಒಂದೇ ಸಂಖ್ಯೆಯನ್ನು ಹಿಂಬಾಲಿಸಿದರೆ ಪಿಸ್ತೂಲನ್ನು ಬಿಚ್ಚುವ ಅಗತ್ಯವೇ ಇಲ್ಲ.

ಖಾಲಿ ಮ್ಯಾಗಝಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ಮೇಲಿನಿಂದ ನೋಡಿದರೆ ಎರಡು ತುಟಿಗಳೂ ಒಂದೇ ಸಮನಾಗಿ, ಒಂದೇ ಅಂತರದಲ್ಲಿ ಬಾಗಿರಬೇಕು. ಹಿಂಬದಿಯ ಮೂಲೆಗಳಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಅದು ನಿವೃತ್ತಿಗೆ ಬಂದಿದೆ. ತೋಟಾಗಳನ್ನು ಕೆಳಗಿನಿಂದ ಎತ್ತುವ ಫಾಲೋವರ್ ಎಂಬ ತಟ್ಟೆಯನ್ನು ಮರದ ಕಡ್ಡಿಯಿಂದ ತಳದವರೆಗೆ ಒತ್ತಿ ನಿಧಾನವಾಗಿ ಬಿಟ್ಟರೆ ಎಲ್ಲಿಯೂ ತಡೆಯದೆ ಮೇಲೆ ಬರಬೇಕು. ನಡುವೆ ನಿಂತರೆ ತಗಡಿನ ಮೈಯಲ್ಲಿ ತಗ್ಗು ಬಿದ್ದಿದೆ, ಇಲ್ಲವೇ ಒಳಗೆ ಧೂಳು ಗಟ್ಟಿಯಾಗಿದೆ. ತಳದ ಮುಚ್ಚಳ ಸರಿಸುವಾಗ ಸ್ಪ್ರಿಂಗ್ ಚಿಮ್ಮದಂತೆ ಹೆಬ್ಬೆರಳು ಅಡ್ಡ ಇಟ್ಟುಕೊಂಡು, ಅದು ಯಾವ ಮುಖವಾಗಿ ಹೊರಬಂತೆಂದು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಸ್ಪ್ರಿಂಗನ್ನು ಹಿಂದುಮುಂದಾಗಿ ಕೂರಿಸಿದರೆ ಫಾಲೋವರ್ ಮೂತಿ ಬಾಗಿಸಿ, ಮೊದಲಿಲ್ಲದ ತಡೆ ಹೊಸದಾಗಿ ಹುಟ್ಟುತ್ತದೆ. ಒಳಭಾಗವನ್ನು ಒಣ ಚಿಂದಿಯಿಂದ ಒರೆಸಿದರೆ ಸಾಕು, ಎಣ್ಣೆ ಬೇಡ. ಎಣ್ಣೆ ನಮ್ಮ ಎರಿ ಮಣ್ಣಿನ ಧೂಳನ್ನು ಹಿಡಿದಿಟ್ಟು ಕೆಸರು ಮಾಡುತ್ತದೆ, ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕ್ಯಾಪಿನೊಳಗೂ ಇಳಿದು ಅದನ್ನು ಕೆಡಿಸಬಲ್ಲುದು.

ಸದಾ ತುಂಬಿಟ್ಟರೆ ಸ್ಪ್ರಿಂಗ್ ಸಾಯುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಒಳ್ಳೆಯ ಉಕ್ಕಿನ ಸ್ಪ್ರಿಂಗನ್ನು ಸವೆಸುವುದು ಮುಖ್ಯವಾಗಿ ಪದೇ ಪದೇ ಒತ್ತಿ ಬಿಡುವುದು ಮತ್ತು ಮಿತಿಮೀರಿ ಒತ್ತುವುದು. ಆದರೆ ಅಜ್ಜನ ಪಿಸ್ತೂಲಿನ ಜೊತೆಗೆ ಬಂದ ಸ್ಪ್ರಿಂಗಿನ ವಿಷಯದಲ್ಲಿ ಈ ವಾದವೇ ಅನಗತ್ಯ, ಅದನ್ನು ಬದಲಿಸಬೇಕು. 1980ರ ದಶಕದಿಂದ ವಿದೇಶಿ ಪಿಸ್ತೂಲುಗಳ ಆಮದು ಸಾಮಾನ್ಯರಿಗೆ ನಿಂತಿರುವುದರಿಂದ ಹಳೆಯ ಮಾದರಿಗಳ ಮ್ಯಾಗಝಿನ್ ಸಿಗುವುದು ದುರ್ಲಭವೆಂಬುದು ನಿಜ. ಹಾಗೆಂದು ಬೇರೆ ಕಂಪನಿಯದನ್ನು ತಿಕ್ಕಿ ತೂರಿಸಿದರೆ ಅದು ಒಳಗೆ ಹೋದರೂ ತೋಟಾ ನಿಲ್ಲುವ ಎತ್ತರ ಹೊಂದುವುದಿಲ್ಲ.

.32 ತೋಟಾಕ್ಕೆ ಅದರದೇ ಆದ ಒಂದು ಕಾಯಿಲೆಯಿದೆ. 1899ರ ಸುಮಾರಿಗೆ ಜಾನ್ ಬ್ರೌನಿಂಗ್ ರೂಪಿಸಿದ ಈ ತೋಟಾದ ಹಿಂದಿನ ಅಂಚು ಕೋಶದ ಮೈಗಿಂತ ಸುಮಾರು ಅರ್ಧ ಮಿಲಿಮೀಟರ್ ಅಗಲವಾಗಿದೆ. ಮ್ಯಾಗಝಿನ್ನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಬಿದ್ದರೆ ಸ್ಲೈಡ್ ಎಷ್ಟೇ ತಳ್ಳಿದರೂ ಮೇಲಿನದು ಕೆಳಗಿನದಕ್ಕೆ ಕೊಕ್ಕೆ ಹಾಕಿದಂತೆ ಸಿಕ್ಕಿ ಅಲುಗುವುದಿಲ್ಲ. ಮೂತಿಯಲ್ಲಿ ಗುಳಿಯಿರುವ ಗಿಡ್ಡ ತೋಟಾಗಳಲ್ಲಿ ಇದು ಹೆಚ್ಚು, ಏಕೆಂದರೆ ಅವು ಮ್ಯಾಗಝಿನ್ನಿನ ಒಳಗೆ ಹಿಂದೆ ಮುಂದೆ ಓಡಾಡಲು ಜಾಗ ಉಳಿಯುತ್ತದೆ. ಇದಕ್ಕೆ ಪರಿಹಾರ ಮ್ಯಾಗಝಿನ್ ತುಂಬುವ ವಿಧಾನದಲ್ಲಿದೆ: ಪ್ರತಿಯೊಂದನ್ನೂ ಮುಂದಿನಿಂದ ಒತ್ತಿ ಹಿಂದಕ್ಕೆ ಜಾರಿಸಿ, ಅದರ ಅಂಚು ಕೆಳಗಿನದರ ಅಂಚಿನ ಮುಂದೆ ಕೂತಿದೆಯೆಂದು ನೋಡಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು, ತಾಮ್ರದ ಕವಚದ ಪೂರ್ಣ ಉದ್ದದ ಗುಂಡನ್ನೇ ಬಳಸಬೇಕು. ಮ್ಯಾಗಝಿನ್ನನ್ನು ಅಂಗೈಗೆ ಬಡಿದರೆ ಸರಿಹೋಗುತ್ತದೆಂಬುದು ಸಿನಿಮಾದ ಮಾತು. ಒಮ್ಮೆ ಸಿಕ್ಕಿಕೊಂಡರೆ ಮ್ಯಾಗಝಿನ್ ತೆಗೆದು, ಕೆಳಗಿನ ತೋಟಾವನ್ನು ಕಡ್ಡಿಯಿಂದ ಒತ್ತಿ ಹಿಡಿದು, ಮೇಲಿನದನ್ನು ಬಿಡಿಸಿಕೊಳ್ಳಬೇಕು.

ತೋಟಾಗಳ ತಪಾಸಣೆ

ಸುರಕ್ಷಿತೆಗಾಗಿ ರಾತ್ರಿ ಪಿಸ್ತೂಲನ್ನು ಖಾಲಿ ಮಾಡಿ, ಬೆಳಿಗ್ಗೆ ಹೊಲಕ್ಕೋ ಅಂಗಡಿಗೋ ಹೊರಡುವಾಗ ಮತ್ತೆ ಚೇಂಬರಿಗೆ ತೋಟಾ ಏರಿಸುವವರಿದ್ದಾರೆ. ಅವರು ಏರಿಸುವುದು ದಿನವೂ ಅದೇ ತೋಟಾವನ್ನು. ಪ್ರತಿ ಸಲ ರ‍್ಯಾಂಪಿಗೆ ಗುದ್ದಿದಾಗ ಗುಂಡು ಕೋಶದೊಳಕ್ಕೆ ಇಷ್ಟಿಷ್ಟೇ ಇಳಿಯುತ್ತದೆ. ಗಿಡ್ಡಾದ ತೋಟಾ ಸರಿಯಾಗಿ ಏರುವುದಿಲ್ಲ ಎಂಬುದು ಸಣ್ಣ ತೊಂದರೆ. ಒಳಗಿನ ಜಾಗ ಕಡಿಮೆಯಾಗಿ ಹಾರಿಸಿದಾಗ ಒತ್ತಡ ಅಪಾಯಕರವಾಗಿ ಏರಬಹುದೆಂಬುದು ದೊಡ್ಡ ತೊಂದರೆ. ಗಾಜಿನ ಹಾಳೆಯ ಮೇಲೆ ಹೊಸದೊಂದನ್ನೂ ಇದನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಕಣ್ಣಿಗೇ ವ್ಯತ್ಯಾಸ ಕಾಣುತ್ತದೆ. ವರ್ನಿಯರ್ ಇದ್ದವರು ಅಳೆದುಕೊಳ್ಳಬಹುದು. ಪೂರ್ಣ ತೋಟಾದ ಉದ್ದ 25 ಮಿ.ಮೀ.ವರೆಗೆ ಇರುತ್ತದೆ. ಹೊಸದಕ್ಕಿಂತ ಗಿಡ್ಡವಾದದ್ದನ್ನು ಬಳಕೆಯಿಂದ ತೆಗೆದು ಲೈಸನ್ಸ್ ಹೊಂದಿದ ಡೀಲರಿಗೆ ಒಪ್ಪಿಸಬೇಕು, ಇಕ್ಕಳದಿಂದ ಗುಂಡನ್ನು ಎಳೆಯಲು ಹೋಗಬಾರದು.

ಚರ್ಮದ ಪಟ್ಟಿಯಲ್ಲಿ ವರ್ಷಗಟ್ಟಲೆ ಇಟ್ಟ ತೋಟಾಗಳ ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ಹದ ಮಾಡಿದ ಚರ್ಮದಲ್ಲಿ ಉಳಿದ ಆಮ್ಲದ ಕೆಲಸವದು, ಬೆಳಗಾವಿ, ಖಾನಾಪುರ ಕಡೆಯ ಮಳೆಗಾಲದ ತೇವ ಅದಕ್ಕೆ ಜೊತೆಗೂಡುತ್ತದೆ. ಕಿಲುಬಿನ ತೋಟಾ ಚೇಂಬರಿನಲ್ಲಿ ತಡೆಯುತ್ತದೆ. ಉಜ್ಜಿ ಹೊಳಪಿಸಿದರೆ ತಡೆ ತಪ್ಪಬಹುದು, ಆದರೆ ಕಿಲುಬು ತಿಂದು ತೆಳುವಾದ ಕೋಶ ಗಟ್ಟಿಯಾಗುವುದಿಲ್ಲ. ಇನ್ನೊಂದು ಗೊಂದಲ ಹೆಸರಿನದು: ರಿವಾಲ್ವರಿನ .32 ತೋಟಾ 23 ಮಿ.ಮೀ. ಕೋಶದ್ದು, ಪಿಸ್ತೂಲಿನದು 17 ಮಿ.ಮೀ. ಕೋಶದ್ದು. ಅಂಗಡಿಯಲ್ಲಿ ಬರೀ “ಬತ್ತೀಸ್ ಬೋರ್” ಎಂದರೆ ಸಾಲದು.

ಕೊಳೆ, ಎಣ್ಣೆ ಮತ್ತು ಖಂಡೆ ಪೂಜೆ

ಮಹಾನವಮಿಯಲ್ಲಿ ಆಯುಧಕ್ಕೆ ಪೂಜೆ ಸಲ್ಲಿಸುವುದು ನಮ್ಮ ಪದ್ಧತಿ, ಅದನ್ನು ನಾನೂ ತಪ್ಪಿಸುವುದಿಲ್ಲ. ಆದರೆ ಅರಿಷಿಣ, ಕುಂಕುಮ, ಕಾಯಿಯ ನೀರು ಸ್ಲೈಡಿನ ಕಿಂಡಿಯೊಳಗೆ ಇಳಿದು ಎಣ್ಣೆಯ ಜೊತೆ ಕಲೆತು ಒಣಗಿದರೆ, ದೀಪಾವಳಿಯ ಹೊತ್ತಿಗೆ ಅದು ಇಟ್ಟಿಗೆಯ ಪುಡಿಯಂತಾಗಿರುತ್ತದೆ. ಖಾಲಿ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ, ಬಟ್ಟೆಯ ಮೇಲೆ ಕುಂಕುಮವಿಟ್ಟರೆ ಪೂಜೆಗೇನೂ ಕೊರತೆಯಾಗದು.

ಅಡುಗೆಮನೆಯ ಎಣ್ಣೆ ಪಿಸ್ತೂಲಿಗೆ ಸಲ್ಲದು. ನಮ್ಮ ಕಡೆ ಸುಲಭವಾಗಿ ಸಿಗುವ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪದರು ಕಟ್ಟುವ ಜಾತಿಯದು, ಬಣ್ಣ ತಯಾರಿಕೆಗೂ ಅದು ಬಳಕೆಯಾಗುವುದು ಆ ಗುಣದಿಂದಲೇ. ಅದನ್ನು ಹಚ್ಚಿದ ಸ್ಲೈಡ್ ಕೆಲವು ತಿಂಗಳಲ್ಲಿ ಅರಗು ಹಾಕಿದಂತೆ ಅಂಟುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ನೆಟ್ಟಗೆ ನಡೆಯುವ ಪಿಸ್ತೂಲು ಮಾರ್ಗಶಿರದ ಮುಂಜಾನೆ ಏಕೆ ಮಂದವಾಯಿತೆಂದು ತಲೆ ಕೆಡಿಸಿಕೊಂಡವರ ಡಬ್ಬಿಯಲ್ಲಿ ಅದೇ ಇರುತ್ತದೆ. ಆಯುಧಕ್ಕೆಂದೇ ಮಾಡಿದ ಎಣ್ಣೆ ಬೇಕು. ತಾತ್ಕಾಲಿಕವಾಗಿ ಹೊಲಿಗೆ ಯಂತ್ರದ ತೆಳು ಎಣ್ಣೆ ನಡೆದೀತು.

ಶುಚಿ ಮಾಡುವಾಗ ಪಿಸ್ತೂಲಿನ ಜೊತೆ ಬಂದ ಪುಸ್ತಿಕೆಯಲ್ಲಿ ತೋರಿಸಿದಷ್ಟೇ ಬಿಚ್ಚಬೇಕು. ಚೇಂಬರನ್ನು ಹಿತ್ತಾಳೆ ತಂತಿಯ ಬ್ರಷ್ಷಿನಿಂದಲೂ ಅನಂತರ ಒಣ ಚಿಂದಿಯಿಂದಲೂ ಉಜ್ಜಿ, ರ‍್ಯಾಂಪನ್ನು ಹೊಳೆಯುವವರೆಗೆ ಬಟ್ಟೆಯಿಂದಲೇ ಒರೆಸಬೇಕು. ಎಲ್ಲರೂ ಮರೆಯುವ ಜಾಗ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಅಡಿಭಾಗ. ಅಲ್ಲಿ ಗಟ್ಟಿಯಾದ ಮಸಿ ತೋಟಾದ ಅಂಚು ಮೇಲೆ ಜಾರುವುದನ್ನು ತಡೆಯುತ್ತದೆ. ಜೋಳದ ದಂಟಿನ ಸಿಬಿರನ್ನು ಚೂಪು ಮಾಡಿಕೊಂಡರೆ ಉಕ್ಕಿಗೆ ಗೀರು ಬೀಳದಂತೆ ಅದನ್ನು ಕೆರೆದು ತೆಗೆಯಬಹುದು. ಕೊನೆಯಲ್ಲಿ ಸ್ಲೈಡ್ ಜಾರುವ ಹಳಿಗಳಿಗೆ ಒಂದೊಂದು ಹನಿ ಎಣ್ಣೆ ಹಚ್ಚಿ, ಚೇಂಬರ್ ಮತ್ತು ರ‍್ಯಾಂಪುಗಳನ್ನು ಒಣಗಿಸಿಯೇ ಇಡಬೇಕು. ಚಿಮಣಿ ಎಣ್ಣೆಯಲ್ಲಿ ತೊಳೆದು ಹಾಗೆಯೇ ಬಿಟ್ಟ ಪಿಸ್ತೂಲಿಗೆ ಮಳೆಗಾಲದಲ್ಲಿ ಬೇಗನೆ ಜಂಗು ಹಿಡಿಯುತ್ತದೆ.

ಇಷ್ಟಾದ ಮೇಲೆ ರಿಕಾಯಿಲ್ ಸ್ಪ್ರಿಂಗಿನ ಪರೀಕ್ಷೆ. ಖಾಲಿಯೆಂದು ಮತ್ತೊಮ್ಮೆ ಖಚಿತಪಡಿಸಿಕೊಂಡು, ಮ್ಯಾಗಝಿನ್ ಇಲ್ಲದೆ, ನಳಿಕೆಯನ್ನು ಮೇಲ್ಮುಖವಾಗಿ ಹಿಡಿದು ಸ್ಲೈಡನ್ನು ಹಿಂದೆಳೆದು ಕೈಯಲ್ಲಿ ತಡೆಯುತ್ತ ನಿಧಾನವಾಗಿ ಬಿಡಬೇಕು. ತನ್ನ ಭಾರವನ್ನು ತಾನೇ ಎತ್ತಿಕೊಂಡು ಅದು ಪೂರ್ತಿ ಮುಚ್ಚಬೇಕು. ಕೊನೆಯಲ್ಲಿ ನಿಂತರೆ ಸ್ಪ್ರಿಂಗ್ ಸೋತಿದೆ ಅಥವಾ ಹಳಿಗಳಲ್ಲಿ ಅಂಟಿದೆ. ತಯಾರಕರ ಸ್ಪ್ರಿಂಗನ್ನೇ ಹಾಕಿಸಬೇಕು. ಗಟ್ಟಿಯಿರಲೆಂದು ಬೇರೆ ಸ್ಪ್ರಿಂಗ್ ಕತ್ತರಿಸಿ ಹಾಕಿದರೆ ಸ್ಲೈಡ್ ಪೂರ್ತಿ ಹಿಂದೆ ಬರದೆ ಹೊಸ ತಡೆಗಳು ಆರಂಭವಾಗುತ್ತವೆ.

ಕೈಯ ತಪ್ಪುಗಳೂ ಇವೆ. ಸ್ಲೈಡನ್ನು ಪೂರ್ತಿ ಹಿಂದೆಳೆದು ತಟ್ಟನೆ ಬಿಡಬೇಕು. ಕೈಹಿಡಿದು ಮೆಲ್ಲಗೆ ಮುಂದೆ ಕಳಿಸಿದರೆ ಅದಕ್ಕೆ ಬಲ ಸಾಲುವುದಿಲ್ಲ. ಮಣಿಕಟ್ಟು ಸಡಿಲವಾದರೆ ಸ್ಲೈಡಿನ ಓಟ ಕುಗ್ಗುತ್ತದೆ. ಚೇಂಬರಿಗೆ ಕೈಯಿಂದಲೇ ಒಂದು ತೋಟಾ ಹಾಕಿ ಸ್ಲೈಡ್ ಬಡಿಯುವ ಅಭ್ಯಾಸವಿದ್ದವರು ಎಕ್ಸ್‌ಟ್ರಾಕ್ಟರಿನ ಕೊಕ್ಕೆಯನ್ನು ತಾವೇ ಮುರಿದುಕೊಳ್ಳಬಹುದು, ಏಕೆಂದರೆ ಹಲವು ಪಿಸ್ತೂಲುಗಳಲ್ಲಿ ಅದು ಅಂಚಿನ ಮೇಲೆ ಹಾರುವುದಕ್ಕಲ್ಲ, ಕೆಳಗಿನಿಂದ ಬಂದ ಅಂಚನ್ನು ಹಿಡಿಯುವುದಕ್ಕೆ ಮಾಡಿದ್ದು.

ಮ್ಯಾಗಝಿನ್, ತೋಟಾ, ಕೊಳೆ, ಸ್ಪ್ರಿಂಗ್, ಹಿಡಿತ ಇವೆಲ್ಲವೂ ಸರಿಯಿದ್ದು ತಡೆ ಮುಂದುವರಿದರೆ ಮಾತ್ರ ರ‍್ಯಾಂಪ್, ಚೇಂಬರ್, ಎಕ್ಸ್‌ಟ್ರಾಕ್ಟರಿನ ಬಿಗಿತದ ಪ್ರಶ್ನೆ ಬರುತ್ತದೆ, ಅದು ಮಾಲೀಕನ ಕೆಲಸವಲ್ಲ. ಅರದಿಂದ ಎರಡು ಸಲ ಎಳೆದರೂ ರ‍್ಯಾಂಪಿನ ಓರೆ ಬದಲಾಗುತ್ತದೆ, ಕೋಶದ ಬುಡಕ್ಕೆ ಆಸರೆ ತಪ್ಪುತ್ತದೆ. ತೆಗೆದ ಉಕ್ಕನ್ನು ಮರಳಿ ಹಚ್ಚಲಾಗದು. ಕಬ್ಬಿನ ಗಾಣದಿಂದ ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ರಿಪೇರಿ ಮಾಡುವ ಲೇಥ್ ಅಂಗಡಿಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಬಂದೂಕು, ಪಿಸ್ತೂಲುಗಳ ದುರಸ್ತಿಗೂ ಪ್ರತ್ಯೇಕ ಲೈಸನ್ಸ್ ಬೇಕು. ಅದಿದ್ದವರಲ್ಲಿಗೆ, ತಡೆಯ ಟಿಪ್ಪಣಿ ಮತ್ತು ಎರಡೂ ಮ್ಯಾಗಝಿನ್ನುಗಳ ಜೊತೆ ಒಯ್ಯಬೇಕು.

ಸರಿಪಡಿಸಿದ ಮೇಲಿನ ಪರೀಕ್ಷೆ ಅಧಿಕೃತ ರೇಂಜಿನಲ್ಲೇ ನಡೆಯಬೇಕು, ಹೊಲದ ಬದುವಿನಲ್ಲಲ್ಲ. ಮನೆಯಲ್ಲಿ ಕೈಯಿಂದ ಸ್ಲೈಡ್ ಓಡಿಸಿ ನೋಡುವುದಿದ್ದರೆ ಮದ್ದಿಲ್ಲದ ಡಮ್ಮಿ ತೋಟಾ ಮಾತ್ರ. ರೇಂಜಿನಲ್ಲಿ ಮೊದಲು ಮ್ಯಾಗಝಿನ್ನಿಗೆ ಒಂದೇ ತೋಟಾ, ಆಮೇಲೆ ಎರಡು, ಕೊನೆಗೆ ಪೂರ್ತಿ ತುಂಬಿಸಿ ಹಾರಿಸಬೇಕು; ತುಂಬಿದ ಮ್ಯಾಗಝಿನ್ನಿನ ಮೊದಲನೆಯದರಲ್ಲಿ ತಡೆ ಬಂದರೆ ತುಟಿ ಅಥವಾ ಅತಿಯಾದ ಒತ್ತಡ, ಕೊನೆಯದರಲ್ಲಿ ಬಂದರೆ ಸೋತ ಸ್ಪ್ರಿಂಗ್ ಎಂಬುದು ಸಾಮಾನ್ಯ ಲಕ್ಷಣ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮ್ಯಾಗಝಿನ್, ತೋಟಾ, ಎಣ್ಣೆ ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ತಡೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು, ಅದು ಮರಳಿದಾಗ ಮತ್ತೆ ಮೊದಲಿನಿಂದ ಶುರು. ಲೈಸನ್ಸಿನಲ್ಲಿ ನಮೂದಿಸಿದಷ್ಟೇ ತೋಟಾ ಸಿಗುವ ನಮಗೆ ಹೀಗೆ ಕಳೆಯಲು ಹೆಚ್ಚಿಗೆ ಇರುವುದೂ ಇಲ್ಲ.

ಚುನಾವಣೆಯ ಕಾಲದಲ್ಲಿ ಠೇವಣಿ ಇಟ್ಟ ಪಿಸ್ತೂಲಿನ ಬಗ್ಗೆ ಒಂದು ಮಾತು. 2023ರ ವಿಧಾನಸಭೆ, 2024ರ ಲೋಕಸಭೆ ಎರಡೂ ಚುನಾವಣೆಗಳು ನಡುಬೇಸಿಗೆಯಲ್ಲೇ ಬಂದವು, ಆಯುಧಗಳು ವಾರಗಟ್ಟಲೆ ಧೂಳು ಮತ್ತು ಸೆಕೆಯಲ್ಲಿ ಕಪಾಟಿನೊಳಗೆ ಉಳಿದವು. ಕೊಡುವ ಮುನ್ನ ಖಾಲಿ ಮಾಡಿ, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಮ್ಯಾಗಝಿನ್ನುಗಳನ್ನು ಬೇರೆ ಕಟ್ಟಿ ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಮರಳಿ ತಂದ ದಿನವೇ ಮ್ಯಾಗಝಿನ್ನಿನ ಫಾಲೋವರ್ ಒತ್ತಿ ನೋಡಿ, ಹಳಿಗಳ ಒಣ ಎಣ್ಣೆಯನ್ನು ಒರೆಸಿ ಹೊಸದು ಹಚ್ಚಿ, ನಳಿಕೆಯ ಆರಪಾರ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ನಾನು ಹಾಗೆ ನೋಡಿದ ಒಂದರಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು.